ಆ ಬೀರುವಿನ ಬೀಗ ತೆಗೆಯಿರಿ ಸ್ವಾಮಿ

ನಮಸ್ಕಾರ. ಶಾಲೆ ಲ್ಯಾಬಲ್ಲಿ ಮಕ್ಕಳೇ ಕೈಯಾರೆ ಪ್ರಯೋಗ ಮಾಡಲಿ ಅಂದ ನನ್ನ ಕಳೆದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದಾರೆ, "ಲ್ಯಾಬಲ್ಲಿ ಗಾಜು ಒಡೆದರೆ ದುಡ್ಡು ನೀವು ಕೊಡ್ತೀರಾ ಸಾರ್?" ಎರಡು ದಿನದಿಂದ ಇದೇ ತಲೆ ಕೊರೆಯುತ್ತಿದೆ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲೇ ಏಳನೇ ಕ್ಲಾಸು. ಶಾಲೆ ಹೆಸರು ಬೇಡ. ಅದರ ಫೀಸು ಕಟ್ಟೋಕೆ ನನ್ನ ಬೈಕ್ ಮಾರಿದರೂ ಸಾಲದು. ಲ್ಯಾಬ್ ಇದೆ. ಲ್ಯಾಬಲ್ಲಿ ಬೀರು ಇದೆ. ಬೀರುವಿಗೆ ಬೀಗ ಇದೆ. ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಸ್ಮಾರ್ಟ್ ಬೋರ್ಡಲ್ಲಿ ವಿಡಿಯೋ ಹಾಕಿ ಮುಗಿಸಿದರು. ಆಮ್ಲಕ್ಕೆ ಕೆಂಪು, ಪ್ರತ್ಯಾಮ್ಲಕ್ಕೆ ನೀಲಿ ಆಗೋ ಲಿಟ್ಮಸ್ ಕಾಗದವನ್ನು ಹುಡುಗಿ ಮುಟ್ಟಿಯೇ ಇಲ್ಲ!

ಹೋದ ವಾರ ಮನೆಯಲ್ಲಿ ಸೀಮಂತ. ಅಮ್ಮ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರು, ಓಕುಳಿ ಕೆಂಪಗಾಯಿತು. ಇವಳು ಕಣ್ಣರಳಿಸಿ ನಿಂತಳು. ನಾನು ಅರ್ಧ ನಿಂಬೆಹಣ್ಣು ಹಿಂಡಿದೆ, ಮತ್ತೆ ಹಳದಿ. "ಮಾಮ, ಈಗ ಮತ್ತೆ ಸುಣ್ಣ ಹಾಕಿದ್ರೆ?" ನೋಡಿ, ಸುಣ್ಣ ಪ್ರತ್ಯಾಮ್ಲ, ನಿಂಬೆ ಆಮ್ಲ, ಇದೇ ವಿಜ್ಞಾನದ ಕ್ಲಾಸು. ಆರತಿ ನೀರು ಕೆಡಿಸಿದ್ದಕ್ಕೆ ಅಮ್ಮ ನನಗೆ ಬೈದದ್ದು ಇನ್ನೊಂದು ಎಪಿಸೋಡು, ಸಬ್‌ಸ್ಕ್ರೈಬ್ ಆಗಿರಿ.

ಮುಟ್ಟಲು ಬಿಡಿ. ಬೀಗ ತೆಗೆಯಿರಿ. ಅಷ್ಟೇ ನಾನು ಹೇಳೋದು.

ಬೀರುವೇ ಬೇಡದ ಪ್ರಯೋಗವೂ ಇದೆ. ಬೆಂಗಳೂರಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಏಪ್ರಿಲ್‌ನಲ್ಲಿ ರಜೆ, ಬಿಡಿ. ಆಗಸ್ಟ್‌ನ ಆ ದಿನ ಮೋಡ ಸರಿದರೆ ಹನ್ನೆರಡೂಕಾಲು ದಾಟಿದ ಮೇಲೆ ಅಂಗಳದಲ್ಲಿ ಒಂದು ನೀರಿನ ಬಾಟಲ್ ನಿಲ್ಲಿಸಿ ನೋಡಿ, ನೆರಳು ಬುಡಕ್ಕೆ ಸೇರಿಬಿಡುತ್ತದೆ. ಖರ್ಚು ಸೊನ್ನೆ. ಆ ಹೊತ್ತಲ್ಲಿ ನಮ್ಮ ಮಕ್ಕಳು ಪರದೆ ಎಳೆದ ರೂಮಲ್ಲಿ ಕೂತು ಸೂರ್ಯನ ಆನಿಮೇಷನ್ ನೋಡುತ್ತಿರುತ್ತಾರೆ!

"ಪೋರ್ಷನ್ ಮುಗಿಸಬೇಕಲ್ಲ?" ಅಯ್ಯೋ, ಬಂತು ನೋಡಿ ಪೋರ್ಷನ್ನು! ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಬರೆಯೋ ಪರೀಕ್ಷೆಗೆ, 20 ಇಂಟರ್ನಲ್‌ಗೆ. ಆ 20ಕ್ಕೂ ಎಷ್ಟೋ ಮಕ್ಕಳು ಮಾಡೋದೇನು? ಹೋದ ವರ್ಷದವರ ರೆಕಾರ್ಡ್ ಬುಕ್ ಪಕ್ಕಕ್ಕಿಟ್ಟು ಸುಮ್ನೆ ಕಾಪಿ. ಪ್ರಯೋಗ ಮಾಡದೆಯೇ ರೀಡಿಂಗ್ ಬಂದಿರುತ್ತದೆ, ಅದೂ ದಶಮಾಂಶದ ಸಮೇತ!

"ಮಕ್ಕಳ ಸೇಫ್ಟಿ?" ಅಲ್ಲಾ ಸ್ವಾಮಿ, ನಿಂಬೆಹಣ್ಣು ಕಚ್ಚುತ್ತಾ? ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತಲೇ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಕೇಂದ್ರ ಸರ್ಕಾರ ಆಯ್ದ ಒಂದೊಂದು ಶಾಲೆಗೆ 20 ಲಕ್ಷದವರೆಗೆ ಕೊಡುತ್ತದೆ. ತ್ರೀಡಿ ಪ್ರಿಂಟರ್‌ಗೆ ಹೊದಿಕೆ ಹೊದಿಸಿ ಮಲಗಿಸಿದ ಶಾಲೆಯನ್ನೂ ನಾನು ನೋಡಿದ್ದೇನೆ. ಬೀಗ ತೆಗೆಯಿರಿ! ತೆಗೆಯಿರಿ ಅಂದ್ರೆ ತೆಗೆಯಿರಿ! ಕಾರಣ ಕೇಳಬೇಡಿ, ಕಾರಣ ಎಲ್ಲಾ ಆಗಲೇ ಹೇಳಿಯಾಯ್ತು. 'ಬೀಗ ತೆಗೆಯಿರಿ' ಅಂತ ಕಪ್ ಮಾಡಿಸಿದ್ದೇನೆ, ಲಿಂಕ್ ಕೆಳಗಿದೆ.

ಆಮೇಲೆ ಕಾಮೆಂಟ್ ಹಾಕಿದ ಸಾರ್, ಒಡೆದ ಗಾಜಿನ ದುಡ್ಡು ನಾನೇ ಕೊಡುತ್ತೇನೆ. ಎರಡು ಬೀಕರ್‌ವರೆಗೆ. ಮೂರನೇದು ಕಪ್ ಮಾರಾಟ ಆದ ಮೇಲೆ.