ಕಚೇರಿಯ ನಿಯಮಕ್ಕೆ ಯಾರ ಕೂದಲು ಅಳತೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಂಪನಿಗಳಲ್ಲಿ ತಂಡ ನಡೆಸುವವರು, ಸಂದರ್ಶನಕ್ಕೆ ಕೂರುವವರು, ಎಚ್‌ಆರ್ ಕೆಲಸ ನೋಡುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅಲ್ಲಿಯ ಕಪ್ಪು ಜನರ ಸಹಜ ಕೂದಲು ಕಚೇರಿಯಲ್ಲಿ ಇಷ್ಟೊಂದು ತಕರಾರಿಗೆ ಯಾಕೆ ಸಿಕ್ಕಿಹಾಕಿಕೊಂಡಿದೆ ಎಂದು ಹೇಳಬೇಕಾದರೆ ಕಾನೂನಿನಿಂದ ಶುರುಮಾಡಿ ಪ್ರಯೋಜನವಿಲ್ಲ, ಕೂದಲಿನಿಂದಲೇ ಶುರುಮಾಡಬೇಕು.

ಆಫ್ರಿಕಾ ಮೂಲದವರಲ್ಲಿ ಕೂದಲು ಹುಟ್ಟುವ ಕುಳಿಯೇ ಚರ್ಮದೊಳಗೆ ಬಾಗಿರುತ್ತದೆ. ಆದ್ದರಿಂದ ಎಳೆ ಹೊರಬರುವಾಗಲೇ ಸುರುಳಿಯಾಗಿ ಬರುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ಅದು ದುಂಡಗಿರುವುದಿಲ್ಲ, ಚಪ್ಪಟೆ ಮೊಟ್ಟೆಯಾಕಾರದಲ್ಲಿರುತ್ತದೆ. ನೆತ್ತಿಯ ಎಣ್ಣೆಯಂಶ ನೇರ ಕೂದಲಿನ ಮೇಲೆ ಸುಲಭವಾಗಿ ಇಳಿಯುತ್ತದೆ. ಈ ಸುರುಳಿಯ ಮೇಲೆ ಇಳಿಯುವುದಿಲ್ಲ. ಹಾಗಾಗಿ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ, ಮತ್ತು ಪ್ರತಿಯೊಂದು ತಿರುವೂ ಮುರಿಯಬಹುದಾದ ಜಾಗ. ಒಣ ಕೂದಲನ್ನು ದಿನಾ ಬಾಚಿದರೆ ಉದ್ದವೇ ಉಳಿಯುವುದಿಲ್ಲ. ದಿನಾ ತಲೆಗೆ ನೀರು ಹಾಕಿ ಶಾಂಪೂ ಹಚ್ಚಿದರೂ ಅದೇ ಗತಿ. ಏಳರಿಂದ ಹದಿನಾಲ್ಕು ದಿನಕ್ಕೊಮ್ಮೆ ತಲೆ ತೊಳೆಯುವುದು ಇಂಥ ಕೂದಲಿಗೆ ವಾಡಿಕೆ. ಅದನ್ನು ಕೊಳಕು ಎನ್ನುವವರು ತಮ್ಮ ತಲೆಯ ಲೆಕ್ಕವನ್ನು ಬೇರೆಯವರ ತಲೆಗೆ ಹಾಕುತ್ತಿದ್ದಾರೆ, ಅಷ್ಟೆ.

ತೊಳೆಯುವ ದಿನದ ಕೆಲಸ ಸಣ್ಣದಲ್ಲ. ಕೂದಲನ್ನು ನಾಲ್ಕರಿಂದ ಎಂಟು ಪಾಲು ಮಾಡಿ ಪಿನ್ ಹಾಕುತ್ತಾರೆ. ಸಲ್ಫೇಟ್ ಇಲ್ಲದ ಶಾಂಪೂವನ್ನು ನೆತ್ತಿಗೆ ಮಾತ್ರ ತಿಕ್ಕುತ್ತಾರೆ. ಆಮೇಲೆ ಧಾರಾಳವಾಗಿ ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸುತ್ತಾರೆ. ಬಾಚುವುದು ತುದಿಯಿಂದ ಶುರುವಾಗಿ ಬುಡದ ಕಡೆಗೆ ಹೋಗಬೇಕು. ಬುಡದಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಜಮೆಯಾಗಿ ಗಂಟಾಗುತ್ತದೆ, ಕೂದಲು ಕಿತ್ತುಬರುತ್ತದೆ. ತೊಳೆದ ಮೇಲೆ ತೇವ ಹಿಡಿದಿಡುವ ಕ್ರೀಮು, ಅದರ ಮೇಲೆ ಎಣ್ಣೆ. ನಂತರ ಎರಡೆರಡು ಎಳೆ ಸೇರಿಸಿ ಹುರಿ ಹೊಸೆದು, ರಾತ್ರಿಯಿಡೀ ಒಣಗಲು ಬಿಟ್ಟು ಬೆಳಿಗ್ಗೆ ಬಿಚ್ಚಿದರೆ ಅದು ಟ್ವಿಸ್ಟ್ ಔಟ್. ಪೂರ್ತಿ ಒಣಗದೆ ಬಿಚ್ಚಿದರೆ ಮಧ್ಯಾಹ್ನದ ಮೀಟಿಂಗಿನ ಹೊತ್ತಿಗೆ ಕೂದಲು ಅರ್ಧ ಉದ್ದಕ್ಕೆ ಕುಗ್ಗಿರುತ್ತದೆ. ಮಲಗುವಾಗ ಸ್ಯಾಟಿನ್ ಟೋಪಿ ಬೇಕೇ ಬೇಕು. ಹತ್ತಿಯ ದಿಂಬು ತೇವ ಹೀರಿಕೊಂಡು ಎಳೆಯನ್ನು ಉಜ್ಜುತ್ತದೆ.

ಇಷ್ಟನ್ನೂ ದಿನಾ ಮಾಡಲಾಗದು ಎಂದೇ ಹೆಣೆದ ಜಡೆಗಳು ಬಂದಿವೆ. ನೆತ್ತಿಗೆ ಅಂಟಿಕೊಂಡಂತೆ ಸಾಲುಸಾಲಾಗಿ ಹೆಣೆಯುವುದು ಕಾರ್ನ್‌ರೋ. ತಲೆಯನ್ನು ಚೌಕಚೌಕವಾಗಿ ಬೈತಲೆ ತೆಗೆದು ಒಂದೊಂದು ಚೌಕಕ್ಕೂ ಒಂದೊಂದು ಜಡೆ ಹಾಕುವುದು ಬಾಕ್ಸ್ ಬ್ರೇಡ್. ಬಾಕ್ಸ್ ಬ್ರೇಡ್ ಹಾಕಲು ಜಡೆಯ ದಪ್ಪ ನೋಡಿಕೊಂಡು ನಾಲ್ಕರಿಂದ ಎಂಟು ಗಂಟೆ ಹಿಡಿಯುತ್ತದೆ, ಆರರಿಂದ ಎಂಟು ವಾರ ಇಟ್ಟುಕೊಳ್ಳಬಹುದು. ಕಾರ್ನ್‌ರೋ ಎರಡರಿಂದ ನಾಲ್ಕು ವಾರ. ಅದಕ್ಕಿಂತ ಹೆಚ್ಚು ದಿನ ಬಿಟ್ಟರೆ ದಿನಾ ಸಹಜವಾಗಿ ಉದುರುವ ಕೂದಲು ಹೊರಬೀಳಲಾಗದೆ ಜಡೆಯ ಬುಡದಲ್ಲಿ ಸೇರಿ ಗಟ್ಟಿಯಾಗುತ್ತದೆ. ಬಿಚ್ಚುವಾಗ ಒಳ್ಳೆಯ ಕೂದಲೂ ಅದರ ಜೊತೆಗೇ ಹೋಗುತ್ತದೆ.

ಹೆಚ್ಚು ಕೆಡುವುದು ಬಿಗಿತದಿಂದ. ಹಣೆಯ ಅಂಚಿನ ಮತ್ತು ಕಿವಿಯ ಮೇಲಿನ ಕೂದಲು ಬಹಳ ಸಣ್ಣ ಎಳೆ. ಹೆಣೆದ ಎರಡು ದಿನದ ಮೇಲೂ ನೋವಿದ್ದರೆ, ಬುಡದಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ, ಆ ಜಡೆಗಳನ್ನು ಬಿಚ್ಚಿಸಲೇಬೇಕು. ಎಳೆತದಿಂದ ಆಗುವ ಬೋಳು ಮೊದಮೊದಲು ವಾಸಿಯಾಗುತ್ತದೆ. ವರ್ಷಗಟ್ಟಲೆ ಎಳೆತ ಮುಂದುವರಿದರೆ ಕುಳಿ ಮುಚ್ಚಿ ಗಾಯದ ಕಲೆಯಾಗುತ್ತದೆ, ಅಲ್ಲಿ ಮತ್ತೆ ಕೂದಲು ಬರುವುದಿಲ್ಲ. ‘ಎಲ್ಲ ಹಿಂದಕ್ಕೆ ಬಿಗಿಯಾಗಿ ಎಳೆದು ಗಂಟು ಹಾಕಿರಬೇಕು’ ಎಂಬ ಕಚೇರಿ ನಿಯಮ ಇದೇ ಎಳೆತವನ್ನು ಕಡ್ಡಾಯ ಮಾಡುತ್ತದೆ. ಬರೆದವರಿಗೆ ಇದು ತಲೆಗೇ ಹೊಳೆದಿರುವುದಿಲ್ಲ.

ಲಾಕ್ಸ್, ಅಂದರೆ ಕೂದಲು ಒಂದಕ್ಕೊಂದು ಬೆಸೆದು ಹಗ್ಗದಂತಾದ ಜಟೆ, ಬೇರೆಯೇ ವಿಚಾರ. ನಮ್ಮಲ್ಲಿ ಜಟೆ ಎಂದಕೂಡಲೇ ಎಣ್ಣೆ ನೀರು ಕಾಣದ ಸನ್ಯಾಸಿಯ ತಲೆ ನೆನಪಾಗುತ್ತದೆ. ಕಚೇರಿಗೆ ಬರುವವರ ಲಾಕ್ಸ್ ಲೆಕ್ಕ ಹಾಕಿ, ಪಾಲು ಮಾಡಿ, ಹೊಸೆದು ಬೆಳೆಸಿದ್ದು. ಅದನ್ನು ತೊಳೆಯುತ್ತಾರೆ, ತೊಳೆದ ಮೇಲೆ ಒಳಗಿನವರೆಗೂ ಒಣಗಿಸುತ್ತಾರೆ. ಇಲ್ಲದಿದ್ದರೆ ವಾಸನೆ ಹಿಡಿಯುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಬುಡದ ಹೊಸ ಕೂದಲನ್ನು ಮತ್ತೆ ಹೊಸೆಯುತ್ತಾರೆ. ಅದಕ್ಕಿಂತ ಬೇಗಬೇಗ ಹೊಸೆದರೆ ಬುಡ ಸವೆದು ಲಾಕ್ ಕಳಚಿ ಬೀಳುತ್ತದೆ. ಪಕ್ವವಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಜಡೆಯನ್ನು ಬಿಚ್ಚಬಹುದು, ಪಕ್ವವಾದ ಲಾಕ್ಸ್ ತೆಗೆಯುವುದೆಂದರೆ ಬಹುಪಾಲು ಕತ್ತರಿಸುವುದೇ. ನೇಮಕದ ಹೊತ್ತಿನಲ್ಲಿ ‘ಸ್ವಲ್ಪ ಬದಲಾಯಿಸಿಕೊಳ್ಳಿ’ ಎನ್ನುವ ಮ್ಯಾನೇಜರು ಹಲವು ವರ್ಷಗಳ ಬೆಳವಣಿಗೆಯನ್ನು ಕೇಳುತ್ತಿರುತ್ತಾರೆ.

ಇದ್ಯಾವುದೂ ಬೇಡವೆಂದರೆ ಉಳಿಯುವುದು ನೇರಗೊಳಿಸುವ ರಿಲ್ಯಾಕ್ಸರ್. ಹಳೆಯ ಬಗೆಯದರಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಪಿಎಚ್ 12ರಿಂದ 14ರವರೆಗೆ. ಕೂದಲಿಗೆ ಆಕಾರ ಕೊಡುವ ಗಂಧಕದ ಬಂಧಗಳನ್ನು ಅದು ಶಾಶ್ವತವಾಗಿ ಮುರಿಯುತ್ತದೆ. ಕೆಲವು ನಿಮಿಷ ಹೆಚ್ಚಾದರೆ ನೆತ್ತಿ ಸುಡುತ್ತದೆ. ಹೊಸ ಬೆಳವಣಿಗೆಗೆ ಎಂಟು ಹತ್ತು ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು. ಹಿಂದೆ ಹಚ್ಚಿದ ಭಾಗಕ್ಕೆ ಇನ್ನೊಮ್ಮೆ ತಾಗಿದರೆ ಅಲ್ಲೇ ತುಂಡಾಗುತ್ತದೆ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಸುಮಾರು 33,500 ಮಹಿಳೆಯರ ಮಾಹಿತಿ ನೋಡಿದರು. ನೇರಗೊಳಿಸುವ ಸಾಮಗ್ರಿ ಬಳಸದವರಲ್ಲಿ 70ನೇ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64, ಪದೇಪದೇ ಬಳಸುವವರಲ್ಲಿ ಶೇ. 4.05 ಎಂದು ಅಂದಾಜಿಸಿದರು. ಇದು ನಂಟು ತೋರಿಸಿದ ಅಧ್ಯಯನವೇ ಹೊರತು ಕಾರಣ ಸಾಬೀತುಮಾಡಿದ್ದಲ್ಲ. ಆದರೂ ಕೆಲಸ ಉಳಿಸಿಕೊಳ್ಳಲು ಯಾರೂ ತಲೆಗೆ ಕಾಸ್ಟಿಕ್ ಹಚ್ಚಿಕೊಳ್ಳಬೇಕಾಗಿ ಬರಬಾರದು ಎನ್ನುವುದಕ್ಕೆ ಪೂರ್ತಿ ಸಾಕ್ಷ್ಯಕ್ಕಾಗಿ ಕಾಯಬೇಕಿಲ್ಲ.

ಈಗ ಕೋರ್ಟು. 1964ರ ನಾಗರಿಕ ಹಕ್ಕುಗಳ ಕಾಯಿದೆ ಉದ್ಯೋಗದಲ್ಲಿ ಜನಾಂಗ ತಾರತಮ್ಯವನ್ನು ನಿಷೇಧಿಸಿದೆ. 1976ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಆಫ್ರೋಗೆ, ಅಂದರೆ ಸುರುಳಿ ಕೂದಲನ್ನು ತಲೆಯ ಸುತ್ತ ದುಂಡಗೆ ಬಿಡುವ ಶೈಲಿಗೆ, ಆ ರಕ್ಷಣೆ ಇದೆ ಎಂದಿತು. 1981ರಲ್ಲಿ ರೆನೀ ರೋಜರ್ಸ್ ಅಮೆರಿಕನ್ ಏರ್‌ಲೈನ್ಸ್ ವಿರುದ್ಧ ಕಾರ್ನ್‌ರೋ ಸಲುವಾಗಿ ಹೂಡಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ, ಹೆಣೆದ ಜಡೆ ಸುಲಭವಾಗಿ ಬದಲಾಯಿಸಬಹುದಾದದ್ದು ಎಂದು ಆ ವಾದವನ್ನು ತಳ್ಳಿಹಾಕಿತು. ಜಡೆಯನ್ನು ಗಂಟು ಹಾಕಿ ಮೇಲೆ ಕೃತಕ ಕೂದಲು ಸುತ್ತಿಕೊಂಡು ಬರಬಹುದು ಎಂಬುದು ಕಂಪನಿ ಕೊಟ್ಟ ದಾರಿ. ಅದರಿಂದ ತೀವ್ರ ತಲೆನೋವು ಬರುತ್ತದೆ ಎಂದು ರೋಜರ್ಸ್ ಹೇಳಿದ್ದರು. 2016ರಲ್ಲಿ ಅಲಬಾಮಾದ ಚಾಸ್ಟಿಟಿ ಜೋನ್ಸ್ ಅವರ ಲಾಕ್ಸ್ ಪ್ರಕರಣದಲ್ಲೂ ಹನ್ನೊಂದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬದಲಾಯಿಸಬಹುದಾದ ಗುಣಕ್ಕೆ ರಕ್ಷಣೆಯಿಲ್ಲ ಎಂದಿತು.

ಈ ತರ್ಕವನ್ನು ಮುರಿಯಲೆಂದೇ 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಕ್ರೌನ್ ಕಾಯಿದೆ ತಂದಿತು. ಜಡೆ, ಲಾಕ್ಸ್, ಟ್ವಿಸ್ಟ್ ಇವು ಜನಾಂಗದೊಂದಿಗೆ ಐತಿಹಾಸಿಕವಾಗಿ ಸೇರಿಕೊಂಡ ಲಕ್ಷಣಗಳು ಎಂದು ಅದು ಹೆಸರು ಹಿಡಿದೇ ಹೇಳುತ್ತದೆ. ಆಮೇಲೆ ನ್ಯೂಯಾರ್ಕ್, ನ್ಯೂಜೆರ್ಸಿ, 2023ರಲ್ಲಿ ಟೆಕ್ಸಸ್, ಹೀಗೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಬಂತು. ಇಡೀ ದೇಶಕ್ಕೆ ಅನ್ವಯವಾಗುವ ಮಸೂದೆ 2022ರಲ್ಲಿ ಕೆಳಮನೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ಟೆಕ್ಸಸ್‌ನ ಒಂದು ಶಾಲೆಯ ವಿಷಯದಲ್ಲಿ 2024ರಲ್ಲಿ ನ್ಯಾಯಾಧೀಶರು, ಹುಡುಗರ ಕೂದಲಿನ ಉದ್ದಕ್ಕೆ ಮಿತಿ ಹಾಕಿದರೆ ಈ ಕಾಯಿದೆ ಅಡ್ಡಬರುವುದಿಲ್ಲ ಎಂದರು. ಹಾಗಾಗಿ ಹಲವು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿ ಅತ್ಯಂತ ಕಟ್ಟುನಿಟ್ಟಿನ ರಾಜ್ಯದ ಕಾಯಿದೆಗೆ ಹೊಂದುವ ಒಂದೇ ನಿಯಮ ಬರೆದುಕೊಳ್ಳುವುದು ಜಾಣತನ.

ಹೇಗೆ ಬರೆಯಬೇಕು? ‘ಅಚ್ಚುಕಟ್ಟು’, ‘ವೃತ್ತಿಗೆ ತಕ್ಕ’, ‘ಅತಿರೇಕವಲ್ಲದ’ ಎಂಬ ಪದಗಳನ್ನು ಹೊಡೆದುಹಾಕಿ, ಕೆಲಸದಲ್ಲಿ ಏನು ಅಪಾಯ ಎಂಬುದನ್ನು ಬರೆಯಿರಿ. ತಿರುಗುವ ಯಂತ್ರದ ಬಳಿ ಭುಜದ ಕೆಳಗೆ ಇಳಿಯುವ ಕೂದಲು ಕಟ್ಟಿರಬೇಕು. ಆಹಾರ ತಯಾರಿಸುವಲ್ಲಿ ಪೂರ್ತಿ ಮುಚ್ಚಿರಬೇಕು. ಆದರೆ ಸ್ಟೋರಿನಲ್ಲಿ ಲಾಕ್ಸ್ ಹಿಡಿಸುವಷ್ಟು ದೊಡ್ಡ ಟೋಪಿ ಇಲ್ಲದಿದ್ದರೆ ತಪ್ಪು ಕೆಲಸಗಾರರದ್ದಲ್ಲ. ಹೆಲ್ಮೆಟ್ ನೆತ್ತಿಯ ಮೇಲೆ ಸರಿಯಾಗಿ ಕೂರಬೇಕು, ಗಂಟು ಕತ್ತಿನ ಹತ್ತಿರ ಕೆಳಗೆ ಬರಬೇಕು. ಬಿಗಿ ಉಸಿರಾಟದ ಮಾಸ್ಕಿನ ಅಂಚಿಗೂ ಚರ್ಮಕ್ಕೂ ನಡುವೆ ಕೂದಲು ಸಿಗಬಾರದು. ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ಇಂಥ ಯಾವ ಸಾಲೂ ಬೇಕಾಗಿಲ್ಲ.

ಸಂದರ್ಶನದ ಕೊಠಡಿಯನ್ನು ನಿಯಮ ಒಂದೇ ಸರಿಮಾಡಲಾರದು. ಕ್ರಿಸ್ಟಿ ಝೌ ಕೋವಲ್ ಮತ್ತು ಆ್ಯಶ್ಲೀ ಶೆಲ್ಬಿ ರೊಸೆಟ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಜ ಕೂದಲಿನ ಕಪ್ಪು ಮಹಿಳಾ ಅಭ್ಯರ್ಥಿಗಳಿಗೆ ನೇರ ಕೂದಲಿನವರಿಗಿಂತ ಕಡಿಮೆ ಅಂಕ ಬಿತ್ತು. ಉಡುಗೆಯ ಕಟ್ಟುಪಾಡು ಬಿಗಿಯಿರುವ ಕನ್ಸಲ್ಟಿಂಗ್ ಕೆಲಸದಲ್ಲಿ ಇದು ಎದ್ದುಕಂಡಿತು, ಜಾಹೀರಾತು ಕೆಲಸದಲ್ಲಿ ಅಷ್ಟಿರಲಿಲ್ಲ. ಆದ್ದರಿಂದ ಅಂಕಪಟ್ಟಿಯಲ್ಲಿ ‘ವ್ಯಕ್ತಿತ್ವ, ತೋರಿಕೆ’ ಎಂಬ ಕಾಲಂ ಇದ್ದರೆ ಮೊದಲು ಅದನ್ನು ತೆಗೆಯಿರಿ. ಸಹೋದ್ಯೋಗಿ ಕೂದಲು ನೇರ ಮಾಡಿಕೊಂಡು ಬಂದ ದಿನ ‘ಇದೇ ಚೆನ್ನಾಗಿದೆ’ ಎನ್ನಬೇಡಿ. ಕುತೂಹಲ ಎಷ್ಟೇ ಇರಲಿ, ಕೈ ಹಾಕಿ ಮುಟ್ಟಬೇಡಿ. ಮುಟ್ಟಲೇ ಎಂದು ಕೇಳುವುದೂ ಬೇಡ, ಮ್ಯಾನೇಜರಿಗೆ ಇಲ್ಲ ಎನ್ನುವುದು ಸುಲಭವಲ್ಲ.

ಬೆಂಗಳೂರಿನಲ್ಲಿ ಕ್ರೌನ್ ಕಾಯಿದೆ ಇಲ್ಲ, ನಿಜ. ಆದರೆ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರ ಮಕ್ಕಳು ಇಲ್ಲಿಯ ಹೋಟೆಲು, ಅಂಗಡಿ, ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದಾಗ ಅವರ ಕೈಗೂ ‘ಕೂದಲು ನೀಟಾಗಿ ಬಾಚಿರಬೇಕು’ ಎಂಬ ಕೈಪಿಡಿಯೇ ಬರಬಹುದು. ನಿಮ್ಮ ಕಂಪನಿಯ ಕೈಪಿಡಿಯಲ್ಲಿ ಆ ಸಾಲು ಇದೆಯೇ ಎಂದು ನೋಡುವಾಗ ಅದರ ಪಕ್ಕದಲ್ಲಿರುವ ಮಾದರಿ ಫೋಟೋಗಳನ್ನೂ ನೋಡಿ. ಸಾಲು ತಿದ್ದಿ ಫೋಟೋ ಬಿಟ್ಟರೆ ಸೂಪರ್‌ವೈಸರು ಫೋಟೋವನ್ನೇ ಪಾಲಿಸುತ್ತಾರೆ. ಪ್ರಶ್ನೆಗಳಿದ್ದರೆ ಕೇಳಿ.