ಇಂಪ್ಲಾಂಟ್ ಹಲ್ಲಿನ ಬುಡ

ಶಿರಸಿಯ ಎಲ್ಲರಿಗೂ ನಮಸ್ಕಾರ.

ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ಲೋಹದ ತಿರುಪು, ಹಾಕಿಸಿಕೊಂಡವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಡಾಕ್ಟ್ರೇ, ಇದು ಲೋಹದ್ದು, ಹುಳುಕು ಹಿಡಿಯೋದಿಲ್ಲ ಅಲ್ವಾ?" ಹೌದು, ಹಿಡಿಯುವುದಿಲ್ಲ. ಆದರೆ ಅದರ ಸುತ್ತಲಿನ ಒಸಡು, ಮೂಳೆ ನಿಮ್ಮವೇ. ಕಾಯಿಲೆ ಬರುವುದು ಅವಕ್ಕೆ.

ಟೈಟಾನಿಯಂ ಮೂಳೆಯ ಜೊತೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊಲಗಳಲ್ಲಿ ಗಮನಿಸಿದರು. 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟುಗಳನ್ನು ಹಾಕಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ಸುಮಾರು 40 ವರ್ಷ, ಅವು ಬಾಳಿದವು. ನಿಮ್ಮವೂ ಹಾಗೆ ಬಾಳಲಿ ಎಂದೇ ಇವತ್ತು ಬಂದಿದ್ದೇನೆ.

ನೀವೆಲ್ಲ ತೋಟದವರು. ಅಡಿಕೆ ಮರವನ್ನು ಬೇರು ಹಿಡಿದಿರುತ್ತದೆ. ದಣಪೆಯ ಕಂಬಕ್ಕೆ ಬೇರಿಲ್ಲ, ಸುತ್ತಲಿನ ಮಣ್ಣು ಬಿಗಿಯಾಗಿದ್ದರಷ್ಟೇ ನಿಲ್ಲುತ್ತದೆ. ನಿಜವಾದ ಹಲ್ಲಿಗೆ ಒಸಡು, ಮೂಳೆಯ ಜೊತೆ ನಾರಿನ ಕಟ್ಟು ಇರುತ್ತದೆ. ಇಂಪ್ಲಾಂಟಿಗೆ ಅದಿಲ್ಲ. ಒಸಡು ಅದನ್ನು ಸುಮ್ನೆ ಕಾಲರಿನಂತೆ ಸುತ್ತಿಕೊಂಡಿರುತ್ತದೆ. ಅದಕ್ಕೇ ಅಲ್ಲಿ ಪಾಚಿ ಕೂತರೆ ಬಾವು ಬೇಗ ಮೂಳೆಗೆ ಇಳಿಯುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ.

ಘಟ್ಟದ ಕೆಳಗಿನ ಹಿರಿಯರೊಬ್ಬರು ನೋವಿಲ್ಲ ಎಂದು ಎರಡು ವರ್ಷ ತೋರಿಸಲೇ ಇಲ್ಲ. ಬ್ರಶ್ ತಾಗಿದರೆ ರಕ್ತ ಬರುತ್ತದೆ ಎಂದು ಆ ಜಾಗ ಬಿಟ್ಟು ಉಜ್ಜುತ್ತಿದ್ದರಂತೆ. ಎಕ್ಸ್‌ರೇ ತೆಗೆದರೆ ಮೂಳೆ ಅರ್ಧ ಕರಗಿತ್ತು. ಅವರ ಇಂಪ್ಲಾಂಟನ್ನು ತೆಗೆಯುವಾಗ ನನಗೂ ಸಂಕಟವಾಯಿತು. ರಕ್ತ ಕಂಡ ವಾರವೇ ಬಂದಿದ್ದರೆ! ಒಸಡು ಮಾತ್ರ ಊದಿಕೊಂಡಿದ್ದರೆ ಚೆನ್ನಾಗಿ ಸ್ವಚ್ಛ ಮಾಡಿ ಸರಿಪಡಿಸಬಹುದು. ಹೋದ ಮೂಳೆಯನ್ನು ಮತ್ತೆ ತರುವುದು ಬಹಳ ಕಷ್ಟ.

ಮೆತ್ತನೆಯ ಬ್ರಶ್ಶನ್ನು ಒಸಡಿನ ಕಡೆ ಸ್ವಲ್ಪ ವಾಲಿಸಿ, ದಿನಕ್ಕೆ ಎರಡು ಸಲ, 2 ನಿಮಿಷ ಉಜ್ಜಿ. ರಾತ್ರಿಯದನ್ನಂತೂ ತಪ್ಪಿಸಬೇಡಿ. ಹಲ್ಲಿನ ಸಂದಿಗೆ ಪುಟ್ಟ ಬ್ರಶ್ ಸಿಗುತ್ತದೆ, ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ. ಯಾವ ಅಳತೆ ಎಂದು ನಿಮ್ಮ ವೈದ್ಯರೇ ಹಾಕಿ ತೋರಿಸಲಿ. ನಾಲ್ಕೈದು ಹಲ್ಲು ಒಟ್ಟಿಗೆ ಕೂರಿಸಿದ್ದರೆ ಅಡಿಯಿಂದ ಫ್ಲಾಸ್ ದಾರ ಹಾಯಿಸಬೇಕು. ಹಿಡಿಕಡ್ಡಿ, ಪಿನ್ನು ಹಾಕಿ ಕೆದಕಬೇಡಿ. ಇದ್ದಿಲ ಪುಡಿ, ಬೂದಿ ಬೇಡ. ಗೀರು ಬಿದ್ದ ಕಡೆ ಪಾಚಿ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಇನ್ನು ಕವಳ, ಅಂದರೆ ಎಲೆ-ಅಡಿಕೆ. ಅಡಿಕೆ ಈ ಊರಿನ ಅನ್ನ, ನನಗೆ ಗೊತ್ತು. ಆದರೂ ಹೇಳಲೇಬೇಕು. ತಂಬಾಕು ಗಾಯ ಮಾಯಲು ಬಿಡುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಒಸಡಿನ ರಕ್ತವೂ ಕಡಿಮೆ ಕಾಣುತ್ತದೆ, ಹಾಗಾಗಿ ಎಚ್ಚರಿಕೆಯೇ ಸಿಗುವುದಿಲ್ಲ. ತಂಬಾಕು ಇಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಡಿ.

ಆರು ತಿಂಗಳಿಗೊಮ್ಮೆ ತೋರಿಸಿ. ಒಸಡಿನ ಕಾಯಿಲೆಯಿಂದಲೇ ಹಲ್ಲು ಕಳೆದುಕೊಂಡವರು ಮೂರು ತಿಂಗಳಿಗೇ ಬನ್ನಿ.

ಈಗ ಈ ಮಾದರಿ ದವಡೆಯನ್ನು ಮುಂದಿನ ಸಾಲಿನಿಂದ ಕೊಡುತ್ತಾ ಬರುತ್ತೇನೆ. ಪುಟ್ಟ ಬ್ರಶ್ಶನ್ನು ಇಂಪ್ಲಾಂಟಿನ ಎರಡೂ ಪಕ್ಕದ ಸಂದಿಯಲ್ಲಿ ನೀವೇ ಹಾಯಿಸಿ ನೋಡಿ. ಕೈ ತಪ್ಪಿದರೆ ನಾನು ಹಿಡಿದು ತೋರಿಸುತ್ತೇನೆ.