ದೊಡ್ಡಪ್ಪನ ಡೀಸೆಲ್ ಕ್ಯಾನ್, ದೇಶದ ತೈಲದ ಗುಹೆ: ಹಡಗು ನಿಂತರೆ ಹಾಸನದ ಬಂಕ್ ಎಷ್ಟು ದಿನ ನಡೆಯುತ್ತೆ?

[ಪರದೆಯ ಮೇಲೆ: ಗೋಣಿಚೀಲ ಹೊದಿಸಿದ ನೀಲಿ ಕ್ಯಾನ್]

2025ರ ಜೂನ್. ಇರಾನ್-ಇಸ್ರೇಲ್ ಯುದ್ಧ. ಟಿವಿ ಹಾಕಿದರೆ ಕ್ಷಿಪಣಿ, ನಕ್ಷೆ, ಕೂಗಾಟ. ಆ ವಾರ ಊರಿಗೆ ಹೋಗಿದ್ದೆ. ಹಾಸನದಿಂದ ಅರ್ಧ ಗಂಟೆ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ 35 ಲೀಟರಿನ ಈ ಕ್ಯಾನ್ ಕೂತಿತ್ತು. ಮುಚ್ಚಳ ಸಡಿಲ. ಅದಕ್ಕೆ ಬಾಯಿಗೊಂದು ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ಮುಚ್ಚಳ ತಿರುಗಿಸಿ, ಮೇಲೊಂದು ಗೋಣಿಚೀಲ ಹೊದಿಸಿದ್ದರು.

"ಇದೇನು ದೊಡ್ಡಪ್ಪ?"

"ಡೀಸೆಲ್ ಕಣ್ಲಾ. ಯುದ್ಧ ಜೋರಾಗೈತೆ. ನಾಳೆ ಬಂಕಲ್ಲಿ ಸಿಗದಿದ್ರೆ ಟಿಲ್ಲರ್‌ಗೆ ನೀರು ಹಾಕ್ಲಾ?"

ಒಳಗಿಂದ ದೊಡ್ಡಮ್ಮನ ದನಿ ಬಂತು. "ಹುಲ್ಲಿನ ಮೆದೆಗೆ ಬೆಂಕಿ ಬಿದ್ರೆ ಆವಾಗ ಹಾಕೋರಂತೆ ನೀರು!"

ದೊಡ್ಡಮ್ಮ ಹೇಳಿದ್ದೇ ಸರಿ. ಮನೆಯಲ್ಲಿ ಹೀಗೆ ಡೀಸೆಲ್ ಇಡಬೇಡಿ. ಆದರೆ ದೊಡ್ಡಪ್ಪನ ಲೆಕ್ಕ ನೋಡಿ. ಟಿಲ್ಲರ್ ದಿನಕ್ಕೆ ಹತ್ತಿರ ಹತ್ತಿರ 4 ಲೀಟರ್ ಕುಡಿಯುತ್ತದೆ. 35 ಲೀಟರ್ ಅಂದರೆ 9 ದಿನಕ್ಕೆ ಚೂರು ಕಮ್ಮಿ. ನಾನು ನಕ್ಕೆ. ರಾತ್ರಿ ಮಲಗಿದಾಗ ತಲೆಗೆ ಹುಳ ಬಿಟ್ಟಂತಾಯಿತು. ದೊಡ್ಡಪ್ಪನ ಹತ್ತಿರ ಕ್ಯಾನ್ ಇದೆ. ದೇಶದ ಹತ್ತಿರ ಇದೆಯಾ?

ಇದೆ. ಅದು ತುಂಬಿದ್ದರೆ ಎಷ್ಟು ದಿನಕ್ಕೆ ಸಾಕು ಗೊತ್ತಾ? ಸರ್ಕಾರದ್ದೇ ಲೆಕ್ಕ, ಸುಮಾರು 9.5 ದಿನ. ದೊಡ್ಡಪ್ಪನಿಗಿಂತ ಮುಕ್ಕಾಲು ದಿನ ಜಾಸ್ತಿ.

ಮೊದಲು ಎಲ್ಲರಿಗೂ ಗೊತ್ತಿರುವ ವಿಷಯ ಬೇಗ ಮುಗಿಸಿಬಿಡೋಣ. ನಾವು ಸುಡುವ ಕಚ್ಚಾ ತೈಲದಲ್ಲಿ 100ಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಹೋರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಒಂದು ಕಡೆ ಇರಾನ್, ಇನ್ನೊಂದು ಕಡೆ ಒಮಾನ್, ನಡುವೆ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್ ನೀರು. ಹೆಚ್ಚೂಕಡಿಮೆ ಹಾಸನದಿಂದ ಹೊಳೆನರಸೀಪುರ. 2024ರಲ್ಲಿ ಆ ಸಂದಿಯಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರಲ್ ತೈಲ ಹೋಗಿದೆ. ಇಡೀ ಜಗತ್ತು ಸುಡುವುದರಲ್ಲಿ ಐದನೇ ಒಂದು ಪಾಲು. ರಷ್ಯಾದ ತೈಲ ಈ ದಾರಿಯಲ್ಲಿ ಬರುವುದಿಲ್ಲ, ಅಷ್ಟು ಉಸಿರಾಟ ನಮಗಿದೆ. ಬೇಸಿಕ್ ಮುಗೀತು.

[ಪರದೆಯ ಮೇಲೆ: ಕರ್ನಾಟಕ ಮತ್ತು ಆಂಧ್ರ ಕರಾವಳಿಯ ನಕ್ಷೆ, ಮೂರು ಚುಕ್ಕೆ]

ಈಗ ದೇಶದ ಕ್ಯಾನ್. ಅದು ಕ್ಯಾನ್ ಅಲ್ಲ, ಗುಹೆ. ಇದಕ್ಕಾಗಿಯೇ 2004ರಲ್ಲಿ ಒಂದು ಸರ್ಕಾರಿ ಕಂಪನಿ ಹುಟ್ಟಿತು. ಮೂರು ಕಡೆ ಬಂಡೆ ಕೊರೆದು ತೈಲ ತುಂಬಿದರು. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ಮಂಗಳೂರಿನಲ್ಲಿ 15 ಲಕ್ಷ ಟನ್. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಕೂಡಿಸಿ ನೋಡಿ. ದೇಶದ ತುರ್ತು ತೈಲದ ಮುಕ್ಕಾಲು ಪಾಲು ಜಾಗ ನಮ್ಮ ಘಟ್ಟದ ಕೆಳಗಿದೆ! ಹಾಸನದವರು ದೇಶಕ್ಕೆ ನಮ್ಮ ಕೊಡುಗೆ ಏನು ಅಂದ ಕೂಡಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ತೋರಿಸಿ ಉಪಗ್ರಹದ ಕಡೆ ಕೈ ಎತ್ತುತ್ತೇವೆ. ಕಾಲಕೆಳಗೆ ನೋಡೋದೇ ಇಲ್ಲ.

ನನಗೆ ನಿದ್ದೆ ಕೆಡಿಸಿದ್ದು ಮುಂದಿನ ವಿಷಯ. ಗುಹೆ ಅಂದರೆ ಒಳಗೆ ಸ್ಟೀಲ್ ಟ್ಯಾಂಕ್ ಇರಬೇಕು ಅಂದುಕೊಂಡಿದ್ದೆ. ಇಲ್ಲ. ಒಳಗೆ ತಗಡು ಇಲ್ಲ, ರಬ್ಬರ್ ಇಲ್ಲ. ಬರಿ ಬಂಡೆ. ಸುಮಾರು 30 ಮೀಟರ್ ಎತ್ತರದ ಸುರಂಗ, ಅದರೊಳಗೆ ನೇರವಾಗಿ ಕಚ್ಚಾ ತೈಲ. ಬಂಡೆಯಲ್ಲಿ ಬಿರುಕು ಇರುತ್ತದೆ ಅಲ್ವಾ? ಮತ್ತೆ ಸೋರಲ್ವಾ?

ಸೋರಲ್ಲ. ತಡೆಯುವುದು ಯಾರು ಗೊತ್ತಾ? ನೀರು.

ಇದನ್ನು ಅರ್ಥ ಮಾಡಿಕೊಳ್ಳಲು ಇಂಜಿನಿಯರಿಂಗ್ ಬೇಡ, ಸಕಲೇಶಪುರ ಕಡೆಯ ಒಂದು ಬಾವಿ ಸಾಕು. ಆಗಸ್ಟ್‌ನಲ್ಲಿ ಬಾವಿಗೆ ಇಣುಕಿ ನೋಡಿ. ಗೋಡೆಯ ಕಲ್ಲುಸಂದಿಯಿಂದ ನೀರು ಜಿನುಗುತ್ತಾ ಒಳಗೆ ಇಳಿಯುತ್ತಿರುತ್ತದೆ. ಸುತ್ತ ನೆಲದಲ್ಲಿ ನೀರು ಮೇಲಿದೆ, ಬಾವಿಯೊಳಗೆ ಕೆಳಗಿದೆ. ಹಾಗಾಗಿ ನೀರು ಒಳಗೆ ಬರುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಆ ಹೊತ್ತಲ್ಲಿ ಬಾವಿಗೆ ಒಂದು ಕೊಡ ಎಣ್ಣೆ ಸುರಿದರೂ ಅದು ಗೋಡೆ ಸಂದಿಗೆ ನುಗ್ಗಲಾರದು. ಎದುರಿಂದ ನೀರು ತಳ್ಳುತ್ತಿದೆ. ಎಣ್ಣೆ ಸುಮ್ನೆ ನೀರಿನ ಮೇಲೆ ತೇಲುತ್ತಾ ಕೂರುತ್ತದೆ.

ಪಾದೂರಿನ ಗುಹೆಯೂ ಹಾಗೇ. ಗುಹೆಯನ್ನು ಅಂತರ್ಜಲಕ್ಕಿಂತ ತುಂಬಾ ಕೆಳಗೆ ಕೊರೆದಿದ್ದಾರೆ. ಸುತ್ತಲಿನ ಬಂಡೆಯ ಬಿರುಕುಗಳ ತುಂಬಾ ನೀರು. ಆ ನೀರಿನ ಒತ್ತಡ ತೈಲದ ಒತ್ತಡಕ್ಕಿಂತ ಜಾಸ್ತಿ. ಮಳೆಯನ್ನೇ ನಂಬಿ ಕೂರಲಿಲ್ಲ. ಗುಹೆಯ ಮೇಲ್ಭಾಗದಲ್ಲಿ ಇನ್ನೊಂದು ಸಣ್ಣ ಸುರಂಗ ತೆಗೆದು, ಅಲ್ಲಿಂದ ಸಾಲಾಗಿ ರಂಧ್ರ ಕೊರೆದು, ಅದಕ್ಕೆ ಸದಾ ನೀರು ತುಂಬಿಸುತ್ತಾರೆ. ನೀರಿನ ಪರದೆ ಅಂತಲೇ ಅದರ ಹೆಸರು. ಒಳಗೆ ಜಿನುಗಿದ ನೀರು ತಳ ಸೇರುತ್ತದೆ, ಪಂಪ್ ಹಚ್ಚಿ ತೆಗೆದು ಶುದ್ಧ ಮಾಡುತ್ತಾರೆ. ಅಂದರೆ ಈ ದೇಶದ ತೈಲವನ್ನು ಹಿಡಿದು ಕೂರಿಸಿರುವುದು ಬಂಡೆಯೂ ಅಲ್ಲ, ಉಕ್ಕೂ ಅಲ್ಲ. ಬಾವಿ ಗೋಡೆ ಜಿನುಗಿಸುತ್ತದಲ್ಲ, ಅದೇ ನೀರು! ಈ ಒಂದು ವಿಷಯಕ್ಕೇ ಮೂರು ನಿಮಿಷ ತೆಗೆದುಕೊಂಡೆ ಅಂತ ನಮ್ಮ ಎಡಿಟರ್ ಬೈಯುತ್ತಾನೆ. ಬೈಯಲಿ.

ನೆಲದಡಿಗೆ ಯಾಕೆ? 2019ರ ಸೆಪ್ಟೆಂಬರ್‌ನಲ್ಲಿ ಸೌದಿಯ ಅಬ್ಕೈಕ್ ತೈಲ ಘಟಕದ ಮೇಲೆ ಡ್ರೋನ್, ಕ್ಷಿಪಣಿ ಬಿದ್ದವು. ಒಂದೇ ಬೆಳಗಿಗೆ ಆ ದೇಶದ ಅರ್ಧ ತೈಲ ನಿಂತುಹೋಯಿತು. ನೆಲದ ಮೇಲಿರುವ ಟ್ಯಾಂಕ್ ದೂರದಿಂದಲೇ ಕಾಣುತ್ತದೆ. ಬಂಡೆಯೊಳಗಿನದು ಕಾಣಲ್ಲ.

ಮಂಗಳೂರಿನ ಗುಹೆಯಲ್ಲಿ ಇನ್ನೊಂದು ತಮಾಷೆ ಇದೆ. 2018ರಿಂದ ಅಲ್ಲಿ ಅಬುಧಾಬಿಯ ಸರ್ಕಾರಿ ಕಂಪನಿಯೂ ತನ್ನ ತೈಲ ಇಟ್ಟಿತು. ಗುಹೆ ನಮ್ಮದು, ಸರಕು ಅವರದು. ತುರ್ತು ಬಂದರೆ ಮೊದಲ ಹಕ್ಕು ನಮಗೆ. ಕಾಫಿ ಬೆಳೆಗಾರರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂಟೆ ಇಟ್ಟು, ರೇಟ್ ಬರಲಿ ಅಂತ ಕಾಯೋದು ನಮಗೆ ಹೊಸದಾ?

ಸರಿ, ನಮ್ಮ ಬಂಕ್‌ಗೆ ಬರೋಣ. ಗುಹೆಯಲ್ಲಿರುವುದು ಕಚ್ಚಾ ತೈಲ. ಅದನ್ನು ಟ್ಯಾಂಕಿಗೆ ಹಾಕಿದರೆ ದೊಡ್ಡಪ್ಪನ ಟಿಲ್ಲರ್ ಅಲ್ಲೇ ಪ್ರಾಣ ಬಿಡುತ್ತದೆ. ಅದು ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ಪೆಟ್ರೋಲ್, ಡೀಸೆಲ್ ಆಗಬೇಕು. ಆಮೇಲೆ ಪೈಪ್ ಹತ್ತಬೇಕು. ಮಂಗಳೂರು-ಹಾಸನ-ಬೆಂಗಳೂರು ಪೈಪ್‌ಲೈನ್, 362 ಕಿಲೋಮೀಟರ್, 2003ರಿಂದ ಓಡುತ್ತಿದೆ. ಸಮುದ್ರದ ಮಟ್ಟದಿಂದ ಘಟ್ಟ ಹತ್ತಿಸಲು ನಡುವೆ ನೆರಿಯದಲ್ಲಿ ಇನ್ನೊಮ್ಮೆ ಪಂಪ್ ಮಾಡುತ್ತಾರೆ. ಒಂದೇ ಪೈಪ್‌ನಲ್ಲಿ ಪೆಟ್ರೋಲ್, ಡೀಸೆಲ್ ಒಂದರ ಹಿಂದೆ ಒಂದು ಬರುತ್ತವೆ. ಎರಡೂ ಸೇರುವ ಕಡೆ ಬೆರೆತದ್ದನ್ನು ಬೇರೆ ತೆಗೆದಿಡುತ್ತಾರೆ. ಇದಕ್ಕೇ ಬೇರೆ ವಿಡಿಯೋ ಬೇಕು.

ಈಗ ನನ್ನ ಸ್ವಂತ ಲೆಕ್ಕ. ಎಂಆರ್‌ಪಿಎಲ್ ವರ್ಷಕ್ಕೆ 150 ಲಕ್ಷ ಟನ್ ಸಂಸ್ಕರಿಸಬಲ್ಲದು. ಮಂಗಳೂರು, ಪಾದೂರು ಎರಡೂ ಗುಹೆ ತುಂಬಿದ್ದರೆ 40 ಲಕ್ಷ ಟನ್. ಆ ಸಂಸ್ಕರಣಾಗಾರ ಒಂದಕ್ಕೇ ಕೊಟ್ಟರೆ ಸುಮಾರು 97 ದಿನ! ಖುಷಿಪಡಬೇಡಿ. ಅದು ಹಾಸನದ ಎಣ್ಣೆ ಅಲ್ಲ, ಯಾರಿಗೆ ಎಷ್ಟು ಅನ್ನೋದು ದೆಹಲಿಯ ತೀರ್ಮಾನ. ದೇಶದ ಪೂರ್ತಿ ಲೆಕ್ಕ ಬೇರೆ. ಗುಹೆಯ 9.5 ದಿನದ ಜೊತೆ ತೈಲ ಕಂಪನಿಗಳ ಟ್ಯಾಂಕ್‌ಗಳಲ್ಲಿ ಇನ್ನೂ 64.5 ದಿನದ್ದು ಹಿಡಿಸುತ್ತದೆ. ಒಟ್ಟು 74 ದಿನ, ಅದೂ ಎಲ್ಲವೂ ತುಂಬಿದ್ದರೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ ಹೇಳುವುದು 90 ದಿನದ ಆಮದಿನಷ್ಟು ಇಡಿ ಅಂತ.

ಹಾಗಾಗಿ ಇನ್ನಷ್ಟು ಗುಹೆ ಬೇಕು ಅನ್ನುವವನು ನಾನು. 2021ರಲ್ಲಿ ಪಾದೂರಿಗೆ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ಗೆ 40 ಲಕ್ಷ ಟನ್ ಅಂತ ಒಪ್ಪಿಗೆ ಕೊಟ್ಟದ್ದು ಒಳ್ಳೆಯ ತೀರ್ಮಾನ. 2020ರಲ್ಲಿ ಕೊರೊನಾ ಹೊತ್ತಲ್ಲಿ ತೈಲದ ಬೆಲೆ ಬಿದ್ದಾಗ ಸರಾಸರಿ 19 ಡಾಲರ್‌ಗೆ ಬ್ಯಾರಲ್ ಕೊಂಡು ಗುಹೆ ತುಂಬಿಸಿದ್ದು ಇನ್ನೂ ಒಳ್ಳೆಯದು. ಸುಮಾರು 5,000 ಕೋಟಿ ಉಳಿಯಿತು ಅಂತ ಸರ್ಕಾರವೇ ಹೇಳಿತು. ಭೇಷ್. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಕೇಂದ್ರದ ಸುಂಕ ಏರಿತು. ಅಗ್ಗ ಅನ್ನೋದು ಗುಹೆವರೆಗೆ ಬಂತು, ಬಂಕ್‌ವರೆಗೆ ಬರಲಿಲ್ಲ. ತಡೆಯಿರಿ, ಆಗಲೇ ಕಾಮೆಂಟ್ ಬರೆಯಬೇಡಿ. ರಾಜ್ಯ ಸರ್ಕಾರವೂ 2024ರ ಜೂನ್‌ನಲ್ಲಿ ಪೆಟ್ರೋಲ್ ತೆರಿಗೆಯನ್ನು 25.92ರಿಂದ 29.84 ಪರ್ಸೆಂಟ್‌ಗೆ ಏರಿಸಿತು. ಈಗ ಎರಡೂ ಕಡೆಯವರು ಬೈಯಬಹುದು.

[ಪರದೆಯ ಮೇಲೆ: ಶುಂಠಿ ಹೊಲ, ನಡುವೆ ಪೈಪ್‌ಲೈನ್ ಗುರುತಿನ ಕಂಬ]

ನನ್ನ ನಿಜವಾದ ತಕರಾರು ಬೇರೆ. ಈ ಕಂಬ ನೋಡಿ. ದೊಡ್ಡಪ್ಪನ ಪರಿಚಯದವರ ಹೊಲ. ಮೇಲೆ ಶುಂಠಿ, ಕೆಳಗೆ ದೇಶದ ಪೆಟ್ರೋಲ್. ಕಂಬಕ್ಕೆ ಎಮ್ಮೆ ಮೈ ಉಜ್ಜಿ ಉಜ್ಜಿ ಅಕ್ಷರ ಅರ್ಧ ಅಳಿಸಿಹೋಗಿದೆ. ಇಂಥ ಪೈಪ್‌ಗೆ 1962ರ ಒಂದು ಕಾನೂನಿದೆ. ಜಮೀನು ರೈತನ ಹೆಸರಲ್ಲೇ ಇರುತ್ತದೆ, ಪಹಣಿ ಬದಲಾಗಲ್ಲ. ಪೈಪ್ ಹೋದ ಪಟ್ಟಿಯಲ್ಲಿ ಬೆಳೆ ಬೆಳೆಯಬಹುದು. ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಅದಕ್ಕೆ ಪರಿಹಾರ ಆಗಿನ ಮಾರುಕಟ್ಟೆ ಬೆಲೆಯ 10 ಪರ್ಸೆಂಟ್. ಕೆಲಸದ ವೇಳೆ ಬೆಳೆ ಹಾಳಾದರೆ ಅದಕ್ಕೆ ಬೇರೆ. ಅಲ್ಲಿಗೆ ಮುಗೀತು.

ಬಯಲು ಸೀಮೆಯಲ್ಲಿ ಆಲೂಗಡ್ಡೆ ಹಾಕೋರಿಗೆ ಇದು ಹೇಗೋ ನಡೆಯುತ್ತದೆ. ಮಲೆನಾಡಲ್ಲಿ? ನಮ್ಮ ಕಾಫಿಗೆ ನೆರಳು ಬೇಕು, ನೆರಳಿಗೆ ಮರ ಬೇಕು. ಮರ ನೆಡಬಾರದು ಅಂದರೆ ಕಾಫಿಯೂ ಬೇಡ, ಮರಕ್ಕೆ ಹಬ್ಬುವ ಮೆಣಸೂ ಬೇಡ ಅಂತ ಹೇಳಿದ ಹಾಗೆ. ಅದೇ 10 ಪರ್ಸೆಂಟ್, ಆದರೆ ಹೋಗಿದ್ದು ಆ ಪಟ್ಟಿಯ ಪೂರ್ತಿ ತೋಟ. ದೇಶದ ಭದ್ರತೆ ಅಂದರೆ ಯಾರೂ ಇಲ್ಲ ಅನ್ನಲ್ಲ. ಆದರೆ ಪೈಪ್‌ನಲ್ಲಿ ಎಣ್ಣೆ ವರ್ಷವಿಡೀ ಓಡುವಾಗ ಹೊಲದವನಿಗೆ ವರ್ಷಕ್ಕೊಮ್ಮೆ ಬಾಡಿಗೆ ಕೊಡಲು ಏನು ಕಷ್ಟ? ಮೊಬೈಲ್ ಟವರ್‌ಗೆ ಬಾಡಿಗೆ ಬರುತ್ತದಲ್ಲ!

ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ. ಉಳಿದದ್ದು ಒಂದೇ ಉಸಿರಿಗೆ. ಅಡುಗೆ ಗ್ಯಾಸ್: ಅರ್ಧಕ್ಕಿಂತ ಜಾಸ್ತಿ ಆಮದು, ಹೆಚ್ಚಿನದು ಕೊಲ್ಲಿ ದೇಶಗಳಿಂದ. ನನ್ನ ಪ್ರಕಾರ ಡೀಸೆಲ್‌ಗಿಂತ ಇಲ್ಲೇ ಜಾಸ್ತಿ ಭಯ ಪಡಬೇಕು, ಯಾಕೆಂದರೆ ಒಲೆ ಉರಿಯದಿದ್ದರೆ ಮೂರನೇ ದಿನಕ್ಕೆ ಗಲಾಟೆ. ಎಥನಾಲ್: ಪೆಟ್ರೋಲ್‌ಗೆ 20 ಪರ್ಸೆಂಟ್ ಬೆರೆಸುತ್ತಾರೆ, ಅದಕ್ಕೆ ನಮ್ಮ ಮುಸುಕಿನ ಜೋಳವೂ ಹೋಗುತ್ತದೆ, ಕೋಳಿ ಫಾರಂನವರು ಮೇವು ದುಬಾರಿ ಅಂತ ಗೊಣಗುತ್ತಾರೆ, ಬೈಕ್‌ನವರು ಮೈಲೇಜ್ ಕಮ್ಮಿ ಅಂತ ಗೊಣಗುತ್ತಾರೆ, ಎರಡೂ ಪೂರ್ತಿ ಸುಳ್ಳಲ್ಲ. ಸೋಲಾರ್ ಪಂಪ್‌ಸೆಟ್: ಮುಂದಿನ ವಿಡಿಯೋ.

ನಿಮ್ಮ ಹೊಲದಲ್ಲೋ ತೋಟದಲ್ಲೋ ಇಂಥ ಕಂಬ ಇದ್ದರೆ ಕೆಳಗೆ ಬರೆಯಿರಿ. ಯಾವ ವರ್ಷ ಹಾಕಿದರು, ಎಷ್ಟು ಕೊಟ್ಟರು, ಅಷ್ಟು ಸಾಕು. ಸರ್ವೆ ನಂಬರ್ ಬೇಡ.

ಆ ಕ್ಯಾನ್ ಏನಾಯಿತು ಅಂತ ಕೇಳುತ್ತೀರಿ. ಯುದ್ಧ 12 ದಿನಕ್ಕೆ ನಿಂತಿತು. ಬಂಕ್ ಒಂದು ದಿನವೂ ಮುಚ್ಚಲಿಲ್ಲ. ದೊಡ್ಡಪ್ಪ ಡೀಸೆಲ್ಲನ್ನು ಟಿಲ್ಲರ್‌ಗೆ ಸುರಿದು, ಕ್ಯಾನ್ ತೊಳೆದು ಬಿಸಿಲಿಗೆ ಕವುಚಿಟ್ಟರು. ಗುಹೆಯ ವಿಷಯ ಪೂರ್ತಿ ಹೇಳಿದೆ. ನೀರಿನ ಪರದೆ ಕೇಳಿ ತಲೆಯಾಡಿಸಿದರು. ಆಮೇಲೆ ಕೇಳಿದ್ದು ಒಂದೇ.

"ಸರಿ ಕಣ್ಲಾ. ಈಗ ಅದು ತುಂಬೈತಾ, ಖಾಲಿನಾ?"